ಮೂವತ್ತೊಂದು ಎಂಎಂ ಪ್ಲೇಟಿನ ಅಂಚು

ಇದು ಮೂರು ವರ್ಷದ ಹಿಂದಿನ ಮಾತು. ಆಗ ನಾನು ಪೀಣ್ಯದ ಒಂದು ಖಾಸಗಿ ಅಳತೆ ಪ್ರಯೋಗಾಲಯದ ಮುಖ್ಯಸ್ಥನಾಗಿದ್ದೆ. ಕಾರ್ಖಾನೆಗಳವರು ತಮ್ಮ ಗೇಜು, ಮೈಕ್ರೋಮೀಟರು, ತಕ್ಕಡಿಗಳನ್ನು ತಂದುಕೊಟ್ಟರೆ ಅವು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು ನಮ್ಮ ಕೆಲಸ. ಅಂದರೆ ಸಂಶಯಪಡುವುದಕ್ಕೇ ನನಗೆ ಸಂಬಳ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿ ಆ ಗುಣ ಮನೆಯೊಳಕ್ಕೂ ಬಂದುಬಿಟ್ಟಿತ್ತು. ಹಾಲಿನ ಪ್ಯಾಕೆಟ್ಟನ್ನು ನಾನು ತಕ್ಕಡಿಯ ಮೇಲಿಡುವುದನ್ನು ಕಂಡಾಗಲೆಲ್ಲ ನನ್ನ ಹೆಂಡತಿ, “ನಿಮಗೆ ಹಸು ಮೇಲೂ ಡೌಟು ಕಣ್ರೀ” ಎಂದು ನಗುತ್ತಿದ್ದಳು.

ಈ ಗುಣವನ್ನು ನೋಡಿಯೇ ಇರಬೇಕು, ಕಾರ್ ರೇಸ್ ನಡೆಸುವ ಒಂದು ಸಮಿತಿಯವರು ನನ್ನನ್ನು ತಮ್ಮ ತಾಂತ್ರಿಕ ಪರಿವೀಕ್ಷಕನನ್ನಾಗಿ ಮಾಡಿಕೊಂಡಿದ್ದರು. ರೇಸೆಂದರೆ ನಾಲ್ಕು ಗಂಟೆ ಸತತವಾಗಿ ಓಡುವ ಎಂಡ್ಯೂರೆನ್ಸ್ ರೇಸ್. ಚಾಲಕರು ಸರದಿಯಲ್ಲಿ ಬದಲಾಗುತ್ತಾರೆ, ಗಾಡಿ ಮಾತ್ರ ಅದೇ. ಟ್ರ್ಯಾಕ್ ಇದ್ದದ್ದು ಗಡಿಯಾಚೆ ತಮಿಳುನಾಡಿನಲ್ಲಿ. ತಂಡಗಳೆಲ್ಲ ಹೆಚ್ಚುಕಮ್ಮಿ ನಮ್ಮವೇ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಶೆಡ್ಡುಗಳಿಂದ ಬರುತ್ತಿದ್ದವು. ರೇಸಿನ ವಾರ ಅವರ ಲಾರಿಗಳು ಅತ್ತಿಬೆಲೆ ಚೆಕ್‌ಪೋಸ್ಟಿನಲ್ಲಿ ಒಂದರ ಹಿಂದೊಂದು ನಿಂತಿರುತ್ತಿದ್ದವು. ಅಲ್ಲಿಯೇ ಒಬ್ಬರ ಲಾರಿಯೊಳಗೆ ಇನ್ನೊಬ್ಬರು ಇಣುಕುವುದು ಶುರುವಾಗುತ್ತಿತ್ತು.

ಇಣುಕುವುದಕ್ಕೆ ಕಾರಣವಿತ್ತು. ನಮ್ಮ ರೇಸಿನಲ್ಲಿ ಎರಡು ವರ್ಗದ ಗಾಡಿಗಳು ಒಟ್ಟಿಗೆ ಓಡುತ್ತಿದ್ದವು: ದೊಡ್ಡ ಎಂಜಿನ್ನಿನ ಭಾರದ ಗಾಡಿಗಳು ಮತ್ತು ಸಣ್ಣ ಎಂಜಿನ್ನಿಗೆ ಟರ್ಬೊ ಜೋಡಿಸಿದ ಹಗುರ ಗಾಡಿಗಳು. ಹಾಗೆಯೇ ಬಿಟ್ಟರೆ ಯಾವುದೋ ಒಂದು ವರ್ಗವೇ ಪ್ರತಿಸಲ ಗೆಲ್ಲುತ್ತದೆ, ನೋಡುವವರು ಎದ್ದು ಹೋಗುತ್ತಾರೆ. ಅದಕ್ಕೆ ಎರಡನ್ನೂ ಸರಿದೂಗಿಸುವ ಒಂದು ಪದ್ಧತಿ ಇದೆ, ಹೆಸರು ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್. ಬಾಯಿಮಾತಿನಲ್ಲಿ ಬಿಒಪಿ. ವೇಗ ಹೆಚ್ಚಾದ ಗಾಡಿಗೆ ಸೀಸದ ತೂಕ ಕಟ್ಟಬಹುದು. ಇಲ್ಲವೇ ಎಂಜಿನ್ ಉಸಿರಾಡುವ ದಾರಿಗೆ ತೂತಿರುವ ಒಂದು ಅಲ್ಯೂಮಿನಿಯಂ ಪ್ಲೇಟ್ ಅಡ್ಡ ಹಾಕಬಹುದು. ಇದಕ್ಕೆ ರಿಸ್ಟ್ರಿಕ್ಟರ್ ಪ್ಲೇಟ್ ಎನ್ನುತ್ತಾರೆ. ತೂತು ಸಣ್ಣದಾದಷ್ಟೂ ಗಾಳಿ ಕಡಿಮೆ, ಗಾಳಿ ಕಡಿಮೆಯಾದಷ್ಟೂ ಶಕ್ತಿ ಕಡಿಮೆ. ಯಾರಿಗೆ ಎಷ್ಟು ತೂಕ, ಎಷ್ಟು ತೂತು ಎಂದು ಪ್ರತಿ ರೇಸಿನ ಮುಂಚೆ ಸಮಿತಿ ತೀರ್ಮಾನಿಸುತ್ತಿತ್ತು. ಆ ಲೆಕ್ಕ ಹಾಕಿಕೊಡುವುದು, ಪ್ಲೇಟ್ ಮಾಡಿಸುವುದು, ಅದನ್ನು ಗಾಡಿಗೆ ಕೂಡಿಸಿ ಸೀಲ್ ಮಾಡುವುದು ನನ್ನ ಪಾಲಿನ ಕೆಲಸ.

ಇಂಥ ಕಡೆ ಯಾರೂ ಯಾರನ್ನೂ ನಂಬುವುದಿಲ್ಲ. ಅಭ್ಯಾಸದ ದಿನ ಬೇಕೆಂದೇ ನಿಧಾನವಾಗಿ ಓಡಿಸಿ, “ನಮ್ಮ ಗಾಡಿ ಪಾಪ ಸಾರ್, ಸ್ವಲ್ಪ ತೂಕ ಇಳಿಸಿ” ಎಂದು ಮುಖ ಸಪ್ಪಗೆ ಮಾಡಿಕೊಂಡು ಬರುವವರಿದ್ದರು. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿಯದೆ ತಿರುವಿನಲ್ಲಿ ಮಾತ್ರ ಚುರುಕಾಗುವ ಚಾಲಕರನ್ನು ನಾನು ಕಂಪ್ಯೂಟರಿನ ದಾಖಲೆಯಲ್ಲೇ ಹಿಡಿಯುತ್ತಿದ್ದೆ. ಅತ್ತವರನ್ನೂ ನಂಬಬೇಡ, ನಕ್ಕವರನ್ನೂ ನಂಬಬೇಡ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆ ಸೀಸನ್ನಿನಲ್ಲಿ ಟರ್ಬೊ ವರ್ಗದ ಒಂದು ತಂಡ ಶೈಲಜಾಳದು. ಶೈಲಜಾ ಆನೇಕಲ್ ತಾಲ್ಲೂಕಿನ ಹುಡುಗಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷ ನನ್ನ ಪ್ರಯೋಗಾಲಯದಲ್ಲೇ ಕೆಲಸ ಮಾಡಿದ್ದಳು. ಗೇಜ್ ಹಿಡಿಯುವುದನ್ನು ಅವಳಿಗೆ ಕಲಿಸಿದವನು ನಾನೇ. ಆಮೇಲೆ ರೇಸಿನ ಹುಚ್ಚು ಹಿಡಿದು ಕೆಲಸ ಬಿಟ್ಟಳು. ಚಂದಾಪುರದಿಂದ ಅತ್ತಿಬೆಲೆಗೆ ಹೋಗುವ ದಾರಿಯಲ್ಲಿ ಅಪ್ಪನ ಜಾಗದಲ್ಲೇ ಶೆಡ್ ಹಾಕಿ, ಐದು ಜನ ಮೆಕ್ಯಾನಿಕ್‌ಗಳನ್ನು ಕಟ್ಟಿಕೊಂಡು ಒಂದೇ ಒಂದು ಗಾಡಿ ತಯಾರು ಮಾಡಿದಳು. ಅದರ ಚೀಫ್ ಎಂಜಿನಿಯರ್ ಅವಳೇ. ಆ ಹುದ್ದೆಯಲ್ಲಿ ನಿಲ್ಲಬೇಕಾದರೆ ಸಮಿತಿಯ ಲೈಸೆನ್ಸ್ ಬೇಕು. ಮೋಸ ಸಾಬೀತಾದರೆ ಆ ಲೈಸೆನ್ಸ್ ಮೂರು ವರ್ಷ ರದ್ದು ಎಂಬುದು ನಿಯಮ.

ಮೊದಲ ಎರಡು ರೇಸುಗಳಲ್ಲಿ ಅವಳ ಗಾಡಿ ಒಂದನ್ನು ಗೆದ್ದಿತು, ಇನ್ನೊಂದರಲ್ಲಿ ಎರಡನೆಯದಾಗಿ ಬಂತು. ದೊಡ್ಡ ಎಂಜಿನ್ ವರ್ಗದವರು ಗುಲ್ಲೆಬ್ಬಿಸಿದರು. ನಾನು ಸುತ್ತುಗಳ ಸಮಯವನ್ನೆಲ್ಲ ಕೂಡಿಸಿ ನೋಡಿ, ಅವಳ ಪ್ಲೇಟಿನ ತೂತು ಮೂವತ್ತೆರಡು ಮಿಲಿಮೀಟರಿನಿಂದ ಮೂವತ್ತೊಂದಕ್ಕೆ ಇಳಿಯಲಿ ಎಂದು ಬರೆದೆ. ಒಂದು ಮಿಲಿಮೀಟರ್ ಏನು ಮಹಾ ಎನ್ನಬೇಡಿ. ನನ್ನ ಲೆಕ್ಕದಲ್ಲಿ ಅದು ಸುತ್ತಿಗೆ ಮುಕ್ಕಾಲು ಸೆಕೆಂಡ್ ನಿಧಾನ, ನಾಲ್ಕು ಗಂಟೆಯ ರೇಸಿನಲ್ಲಿ ಹೆಚ್ಚುಕಮ್ಮಿ ಒಂದು ಪೂರ್ತಿ ಸುತ್ತು ಹಿಂದೆ. ಶೈಲಜಾ ಫೋನ್ ಮಾಡಿ, “ಸರಿ ಸಾರ್, ಲೆಕ್ಕ ನೋಡಿದೆ, ನ್ಯಾಯವಾಗೇ ಇದೆ” ಎಂದಳು. ತಕರಾರು ಮಾಡದೆ ಒಪ್ಪಿಕೊಂಡಳಲ್ಲ ಎಂದು ನನಗೆ ಅಲ್ಲೇ ಒಂದು ಚೂರು ಸಂಶಯ ಬಂತು.

ಹೊಸ ಪ್ಲೇಟ್ ಆಗಬೇಕಿತ್ತು. ಸೀಸನ್ನಿನ ಆರಂಭದಲ್ಲಿ ಎಲ್ಲ ಗಾಡಿಗಳ ಪ್ಲೇಟುಗಳನ್ನೂ ಪೀಣ್ಯ ಎರಡನೇ ಹಂತದಲ್ಲಿ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರವಿರುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನೇ ಯಂತ್ರದ ಪಕ್ಕ ನಿಂತು ಮಾಡಿಸಿದ್ದೆ, ಒಂದೊಂದನ್ನೂ ಇಳಿಯುತ್ತಿದ್ದಂತೆ ಎತ್ತಿಕೊಂಡಿದ್ದೆ. ಈ ಸಲ ಪ್ರಯೋಗಾಲಯದಲ್ಲಿ ಆಡಿಟ್ ನಡೆಯುತ್ತಿತ್ತು, ಹೋಗಲು ಆಗಲಿಲ್ಲ. ಡ್ರಾಯಿಂಗನ್ನು ವಾಟ್ಸಾಪಿನಲ್ಲಿ ಕಳಿಸಿ, “ಎರಡು ಮಾಡಿ, ಒಂದು ಗಾಡಿಗೆ, ಒಂದು ಸ್ಪೇರ್” ಎಂದೆ. ರೇಸಿನ ಹಿಂದಿನ ದಿನ ಬೆಳಿಗ್ಗೆ ಎರಡೂ ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ಬಂದವು. ಒಂದನ್ನು ಸುತ್ತಿದಂತೆಯೇ ನನ್ನ ಬೀರುವಿನಲ್ಲಿಟ್ಟೆ. ಇನ್ನೊಂದನ್ನು ಟ್ರ್ಯಾಕಿಗೆ ಒಯ್ದೆ. ಅಲ್ಲಿ ತೂತಿಗೆ ಪ್ಲಗ್ ಗೇಜ್ ಹಾಕಿ ನೋಡಿದೆ. ಇದು ಎರಡು ತುದಿಯ ಉಕ್ಕಿನ ಕೋಲು, ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಅಳತೆ ಕರಾರುವಾಕ್ಕಾಗಿತ್ತು. ಪ್ಲೇಟನ್ನು ಗಾಡಿಗೆ ಕೂಡಿಸಿ, ಬೋಲ್ಟುಗಳಿಗೆ ತಂತಿ ಪೋಣಿಸಿ, ತುದಿಗೆ ಸೀಸದ ಗುಂಡು ಒತ್ತಿ ನನ್ನ ಇಕ್ಕಳದ ಮುದ್ರೆ ಹಾಕಿದೆ.

ಮಾರನೆಯ ದಿನ ರೇಸಿನಲ್ಲಿ ಶೈಲಜಾಳ ಗಾಡಿ ನಿಧಾನವಾಗಲಿಲ್ಲ. ಹಿಂದಿನ ರೇಸಿಗಿಂತ ಸುತ್ತಿಗೆ ಸುಮಾರು ಅರ್ಧ ಸೆಕೆಂಡ್ ಬೇಗ ಓಡಿತು. ನೇರ ರಸ್ತೆಯಲ್ಲಿ ದೊಡ್ಡ ಎಂಜಿನ್ ಗಾಡಿಗಳನ್ನು ಸಲೀಸಾಗಿ ದಾಟುವುದನ್ನು ನಾನು ಬೈನಾಕ್ಯುಲರಿನಲ್ಲಿ ನೋಡುತ್ತಾ ನಿಂತಿದ್ದೆ. ನಾಲ್ಕು ಗಂಟೆ ಮುಗಿದಾಗ ಅವಳೇ ಮೊದಲು.

ಗೆದ್ದ ಗಾಡಿಗಳನ್ನು ತಪಾಸಣೆಯ ಶೆಡ್ಡಿಗೆ ತಂದು ನಿಲ್ಲಿಸಿದರು. ಎರಡನೆಯ ಸ್ಥಾನ ಪಡೆದ ವೈಟ್‌ಫೀಲ್ಡ್ ತಂಡದ ಮ್ಯಾನೇಜರ್ ಪ್ರದೀಪ್ ನನ್ನ ಪಕ್ಕಕ್ಕೆ ಬಂದ. ಆತನಿಗೆ ಧ್ವನಿ ಏರಿಸದೆ ಚುಚ್ಚುವ ಕಲೆ ಗೊತ್ತು.

“ಸಾರ್, ಮೂಗು ಹಿಡಿದ್ರೆ ಓಟ ಜಾಸ್ತಿ ಆಗತ್ತಾ? ನೀವೇ ಹೇಳಿ.”

ನಾನು ಬಗ್ಗಿ ಸೀಲಿನ ತಂತಿ ಎಳೆದು ನೋಡತೊಡಗಿದೆ.

“ನಿಮ್ಮ ಸ್ಟೂಡೆಂಟ್ ಅಲ್ವಾ ಸಾರ್ ಅವ್ರು? ನಾನೇನೂ ಹೇಳ್ತಿಲ್ಲಪ್ಪ. ಜನ ಮಾತಾಡ್ತಾರೆ ಅಷ್ಟೇ.”

ಆ ಮಾತು ನನಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಈಗ ಒಪ್ಪಿಕೊಳ್ಳುತ್ತೇನೆ, ಆಮೇಲೆ ನಾನು ಮಾಡಿದ ಅರ್ಧ ಕೆಲಸ ಶೈಲಜಾಳ ಗಾಡಿಯನ್ನು ಪರೀಕ್ಷಿಸಲು ಅಲ್ಲ, ನಾನು ಅವಳ ಕಡೆಯವನಲ್ಲ ಎಂದು ಪ್ರದೀಪನಿಗೆ ತೋರಿಸಲು.

ಸೀಲ್ ಸರಿಯಾಗಿತ್ತು. ಒಡೆದು ಪ್ಲೇಟ್ ಬಿಚ್ಚಿದೆ. ಗೇಜ್ ಹಾಕಿದೆ, ಮೂವತ್ತೊಂದೇ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನಾನು ಜೇಬಿನಿಂದ ಭೂತಗನ್ನಡಿ ತೆಗೆದು ತೂತಿನ ಅಂಚನ್ನು ನೋಡಿದೆ. ಅಂಚು ಹರಿತವಾಗಿರಲಿಲ್ಲ. ಎರಡೂ ಕಡೆ ನುಣ್ಣಗೆ ದುಂಡಾಗಿತ್ತು. ಆ ದುಂಡು ಯಂತ್ರದ್ದಲ್ಲ, ಸಣ್ಣ ಸಣ್ಣ ಅಲೆಗಳಿದ್ದವು. ಕೈಯಲ್ಲಿ ಉಪಕರಣ ಹಿಡಿದು ತಿರುಗಿಸಿದ ಗುರುತು.

ಇದರ ಮಹತ್ವ ಸ್ವಲ್ಪ ವಿವರಿಸಬೇಕು. ಗಾಳಿ ಹರಿತವಾದ ಅಂಚನ್ನು ದಾಟುವಾಗ ಗೋಡೆ ಬಿಟ್ಟು ಒಳಕ್ಕೆ ಮುದುಡಿಕೊಳ್ಳುತ್ತದೆ, ಇರುವ ತೂತನ್ನು ಪೂರ್ತಿ ಬಳಸುವುದಿಲ್ಲ. ಅಂಚು ದುಂಡಾಗಿದ್ದರೆ ಗೋಡೆಗೆ ಅಂಟಿಕೊಂಡೇ ಜಾರಿ ಹೋಗುತ್ತದೆ. ತೂತಿನ ಅಳತೆ ಅದೇ, ಹೋಗುವ ಗಾಳಿ ಹೆಚ್ಚು. ಗೇಜಿಗೆ ಇದು ಕಾಣುವುದೇ ಇಲ್ಲ. ನಮ್ಮ ಬಿಒಪಿ ಲೆಕ್ಕವೆಲ್ಲ ಹರಿತ ಅಂಚಿನ ಮೇಲೆ ನಿಂತಿತ್ತು. ಈ ಗುಟ್ಟು ತಿಳಿದವರು ತಂಡಗಳು ಬೀಡುಬಿಡುವ ಆ ಇಡೀ ಪ್ಯಾಡಕ್ಕಿನಲ್ಲಿ ಇಬ್ಬರೇ: ನಾನು, ಮತ್ತು ನನ್ನ ಕೈಯಲ್ಲಿ ಕಲಿತ ಶೈಲಜಾ.

ಅವಳನ್ನು ಕರೆದು ಪ್ಲೇಟ್ ತೋರಿಸಿದೆ. ಭೂತಗನ್ನಡಿಯಲ್ಲಿ ನೋಡಿದಳು. ತಿರುಗಿಸಿ ಇನ್ನೊಂದು ಕಡೆಯನ್ನೂ ನೋಡಿದಳು.

“ನಾನು ಮುಟ್ಟಿಲ್ಲ ಸಾರ್. ನಮ್ಮೋರು ಯಾರೂ ಮುಟ್ಟಿಲ್ಲ.”

“ಹಾಗಾದ್ರೆ ಯಾರು ಮುಟ್ಟಿದ್ರು?”

“ಅದನ್ನ ಕಂಡುಹಿಡಿಯೋದು ನಿಮ್ಮ ಕೆಲಸ ಅಲ್ವಾ?”

ಎದುರುತ್ತರ ಎಂದುಕೊಂಡು ನನಗೆ ಮೈಯೆಲ್ಲ ಉರಿಯಿತು. ಕಾಲು ಗಂಟೆಯೊಳಗೆ ಎಲ್ಲ ತಂಡಗಳೂ ಅಭಿಮಾನಿಗಳೂ ಇರುವ ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ನೋಟಿಸ್ ಹಾಕಿದೆ: “ವಿಜೇತ ಗಾಡಿಯ ರಿಸ್ಟ್ರಿಕ್ಟರ್ ಪ್ಲೇಟನ್ನು ಕೈಯಿಂದ ತಿದ್ದಿರುವುದು ಕಂಡುಬಂದಿದೆ. ಫಲಿತಾಂಶ ತಡೆಹಿಡಿಯಲಾಗಿದೆ. ವಿಚಾರಣೆ ಎರಡು ವಾರದ ನಂತರ ಸಮಿತಿಯ ವೈಟ್‌ಫೀಲ್ಡ್ ಕಚೇರಿಯಲ್ಲಿ.” ಬರೆದವನು ನಾನು, ಪದಗಳನ್ನು ತೂಗಿ ಬರೆಯುವವನೆಂದು ಹೆಸರಾದವನು. ‘ತಿದ್ದಿರುವುದು’ ಎಂದು ಬರೆದಾಗ ಯಾರು, ಯಾವಾಗ ಎಂಬ ಎರಡೂ ನನಗೆ ಗೊತ್ತಿರಲಿಲ್ಲ. ಓದಿದವರಿಗೆ ಮಾತ್ರ ಎರಡೂ ಗೊತ್ತಾಗಿಬಿಟ್ಟವು.

ಮುಂದಿನ ಹತ್ತು ದಿನ ನಾನು ಸಾಕ್ಷ್ಯ ಕಲೆಹಾಕಿದೆ. ಪ್ರಯೋಗಾಲಯದ ಫ್ಲೋ ಬೆಂಚಿನಲ್ಲಿ, ಅಂದರೆ ತೂತಿನಲ್ಲಿ ಎಷ್ಟು ಗಾಳಿ ಹೋಗುತ್ತದೆಂದು ಅಳೆಯುವ ಯಂತ್ರದಲ್ಲಿ, ಆ ಪ್ಲೇಟನ್ನು ಕೂಡಿಸಿದೆ. ಅದೇ ಅಳತೆಯ ಹರಿತ ಅಂಚಿನ ತೂತಿನಲ್ಲಿ ಹೋಗಬೇಕಾದುದಕ್ಕಿಂತ ಶೇಕಡಾ ಒಂಬತ್ತು ಹೆಚ್ಚು ಗಾಳಿ. ನಾನು ಕಿತ್ತುಕೊಂಡ ಶಕ್ತಿಯೆಲ್ಲ ವಾಪಸ್ ಬಂದು, ಮೇಲೆ ಇನ್ನಷ್ಟು ಸಿಕ್ಕಿತ್ತು. ರೇಸಿನ ಹಿಂದಿನ ದಿನದ ಫೋಟೋಗಳನ್ನು ತರಿಸಿಕೊಂಡು ಒಂದೊಂದಾಗಿ ನೋಡಿದೆ. ಮಧ್ಯಾಹ್ನ ಒಂದು ಗಂಟೆ ಹೊತ್ತು ಶೈಲಜಾಳ ಗಾಡಿಯ ಮುಂಭಾಗಕ್ಕೆ ಟಾರ್ಪಾಲ್ ಹೊದಿಸಿತ್ತು. ಮುಚ್ಚಿ ಏನು ಮಾಡುತ್ತಿದ್ದರು? ಇನ್ನು ಸೀಲು. ಇನ್ನೊಂದು ಅಚ್ಚಿದ್ದವರು ಅದನ್ನು ಒಡೆದು ಮತ್ತೆ ಒತ್ತಬಹುದು. ಆ ಇಕ್ಕಳಕ್ಕೆ ಮುದ್ರೆಯ ಅಚ್ಚು ಕೆತ್ತಿಸಲು ವರ್ಷಗಳ ಹಿಂದೆ ನಾನು ಕಳಿಸಿದ್ದು ಶೈಲಜಾಳನ್ನೇ. ಕೆತ್ತಿದವನನ್ನು ಹುಡುಕಿಕೊಂಡು ಹೋಗಿ ಇನ್ನೊಂದು ಅಚ್ಚು ಮಾಡಿಕೊಟ್ಟೆಯಾ ಎಂದು ಕೇಳಿದೆ. ಇಲ್ಲವೆಂದ. ಅವನನ್ನೂ ನಂಬಲಿಲ್ಲ. ಅವಳು ನನ್ನ ಬಳಿ ಕಲಿತ ಒಂದೊಂದು ವಿದ್ಯೆಯೂ ಈಗ ಅವಳ ವಿರುದ್ಧದ ಸಾಕ್ಷಿಯಾಗಿ ನನ್ನ ಫೈಲಿಗೆ ಸೇರುತ್ತಿತ್ತು.

ಹನ್ನೊಂದನೆಯ ದಿನ ಅವಳ ಶೆಡ್ ಪರಿಶೀಲನೆಗೆ ಹೋದೆ. ಗೇಟಿನಲ್ಲೇ ಅವಳ ತಂದೆ ಮುನಿಯಪ್ಪನವರು ಕೂತಿದ್ದರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಸಾಲಾಗಿ ಬಾಡಿಗೆ ಕೋಣೆಗಳನ್ನು ಕಟ್ಟಿಸಿದ್ದಾರೆ, ಅತ್ತಿಬೆಲೆಯ ಕಾರ್ಖಾನೆಗಳಿಗೆ ಹೋಗುವ ಹುಡುಗರು ಇರುತ್ತಾರೆ. ಮೊದಲೆಲ್ಲ ನನ್ನನ್ನು ಕಂಡರೆ ಎದ್ದು ನಿಂತು ಎಳನೀರು ಕೊಚ್ಚಿಸುತ್ತಿದ್ದವರು ಅಂದು ಕೂತೇ ಇದ್ದರು.

“ಬಾಡ್ಗೆ ಹುಡುಗ್ರೆಲ್ಲ ಫೋನ್ನಾಗೆ ತೋರಿಸ್ತಾವ್ರೆ ಸ್ವಾಮಿ. ನಮ್ ಹುಡುಗಿ ಮೋಸ ಮಾಡವ್ಳೆ ಅಂತ ಬರ್ದೈತಂತೆ. ಕೆಲ್ಸ ಕಲ್ಸಿದೋರು ನೀವು. ಇಂಗೆ ಬರೆಯಕ್ಮುಂಚೆ ಒಂದ್ ಮಾತು ಅವ್ಳನ್ನ ಕೂರ್ಸಿ ಕೇಳ್ಬಾರ್ದಾಗಿತ್ತಾ?”

“ಕೇಳಿದೀನಿ ಯಜಮಾನ್ರೇ. ವಿಚಾರಣೆ ನಡೀತಿದೆ” ಎಂದು ಸರ್ಕಾರಿ ಅಧಿಕಾರಿಯ ಹಾಗೆ ಹೇಳಿ ಒಳಗೆ ಹೋದೆ.

ಶೈಲಜಾ ಉಪಕರಣಗಳ ಡ್ರಾಯರುಗಳನ್ನು ತಾನೇ ಎಳೆದು ಕೊಟ್ಟಳು. ಮೂರನೆಯ ಡ್ರಾಯರಿನಲ್ಲಿ ಡೀಬರಿಂಗ್ ಟೂಲ್ ಸಿಕ್ಕಿತು. ಲೋಹ ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಚೂಪು ಸಿವುರನ್ನು ಕೆರೆದು ತೆಗೆಯುವ, ಕೊಕ್ಕಿನಂಥ ಅಲಗಿರುವ ಪುಟ್ಟ ಉಪಕರಣ ಅದು. ನಾನು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ. ಆ ಟೂಲ್ ಇಲ್ಲದ ವರ್ಕ್‌ಶಾಪ್ ಬೆಂಗಳೂರಿನಲ್ಲೇ ಇಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಹಾಕಿಕೊಂಡೆ. ಟಾರ್ಪಾಲ್ ಯಾಕೆ ಹೊದಿಸಿದ್ದಿರಿ ಎಂದು ಕೇಳಿದೆ. ಮುಂದಿನ ಬಂಪರ್ ಸೀಳಿತ್ತು, ಅಂಟು ಹಾಕಿ ಒಣಗುವ ತನಕ ಬಿಸಿಲು ತಾಗದಂತೆ ಮುಚ್ಚಿದ್ದೆವು ಎಂದಳು. ಬಂಪರ್ ಅಲ್ಲೇ ಗೋಡೆಗೆ ಒರಗಿತ್ತು, ಅಂಟಿನ ಗೆರೆ ಕಾಣುತ್ತಿತ್ತು. ಅದನ್ನೂ ನಾನು ಅನುಮಾನದಿಂದಲೇ ಮುಟ್ಟಿ ನೋಡಿದೆ.

ಹೊರಡುವಾಗ ಅವಳು ಹಿಂದಿನಿಂದ ಕರೆದಳು.

“ಸಾರ್, ಒಂದ್ ಪ್ರಶ್ನೆ. ನೀವು ಯಾವಾಗ್ಲೂ ಸ್ಪೇರ್ ಸೇರಿಸಿ ಎರಡು ಪ್ಲೇಟ್ ಮಾಡ್ಸ್ತೀರಲ್ಲ, ಇನ್ನೊಂದು ಎಲ್ಲಿದೆ?”

“ನನ್ನ ಬೀರುನಲ್ಲಿದೆ. ಬೀಗದ ಕೈ ನನ್ನ ಹತ್ರಾನೇ ಇರತ್ತೆ.”

“ಅದರ ಅಂಚು ನೋಡಿದ್ರಾ?”

ಅದರ ಎಣ್ಣೆ ಕಾಗದವನ್ನು ನಾನು ಬಿಚ್ಚಿಯೇ ಇರಲಿಲ್ಲ.

“ಹತ್ತು ದಿನದಿಂದ ಕಾಯ್ತಿದೀನಿ ಸಾರ್, ನಿಮಗೇ ಹೊಳೆಯತ್ತೆ ಅಂತ. ಅಳತೆ ತಪ್ಪು ಬಂದ್ರೆ ಮೊದಲು ಗೇಜ್ ನೋಡು, ಆಮೇಲೆ ಕೆಲಸದವನ್ನ ನೋಡು ಅಂತ ನನಗೆ ಹೇಳ್ಕೊಟ್ಟೋರು ನೀವು.” ಅಷ್ಟು ಹೇಳಿ ತಿರುಗಿ ಒಳಗೆ ಹೋಗಿಬಿಟ್ಟಳು.

ಹೊಸೂರು ರಸ್ತೆಯಿಂದ ಪೀಣ್ಯ ಸೇರುವುದಕ್ಕೆ ಎರಡೂವರೆ ಗಂಟೆ ಹಿಡಿಯಿತು. ಆ ಟ್ರಾಫಿಕ್ಕಿನಲ್ಲಿ ಕೂತು ನಾನು ಬೇಡಿಕೊಂಡದ್ದೇನು ಗೊತ್ತೇ? ಬೀರುವಿನಲ್ಲಿರುವ ಪ್ಲೇಟಿನ ಅಂಚು ಹರಿತವಾಗಿರಲಿ ಎಂದು. ಹರಿತವಾಗಿದ್ದರೆ ಶೈಲಜಾ ಮೋಸಗಾತಿ, ನಾನು ಸರಿ. ಒಬ್ಬ ಒಳ್ಳೆಯ ಹುಡುಗಿ ಮೋಸಗಾತಿಯಾಗಲಿ ಎಂದು ನಾನು ಬೇಡಿಕೊಂಡೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಬೀರು ತೆಗೆದು ಎಣ್ಣೆ ಕಾಗದ ಬಿಚ್ಚಿ ಅಂಚಿನ ಮೇಲೆ ಬೆರಳಾಡಿಸಿದೆ. ಭೂತಗನ್ನಡಿಯೇ ಬೇಕಾಗಲಿಲ್ಲ. ಅಂಚು ನುಣ್ಣಗೆ ದುಂಡಾಗಿತ್ತು, ಎರಡೂ ಕಡೆ, ಅದೇ ಅಲೆಗಳು.

ಪ್ಲೇಟ್ ಹಿಡಿದುಕೊಂಡು ನೇರ ಆ ವರ್ಕ್‌ಶಾಪಿಗೆ ಹೋದೆ. ಅದನ್ನು ಮಾಡಿದವನು ಬಸಪ್ಪ, ರೋಣದ ಕಡೆಯವನು, ಹದಿನಾರು ವರ್ಷದಿಂದ ಪೀಣ್ಯದಲ್ಲಿ ಯಂತ್ರದ ಮುಂದೆ ನಿಂತವನು. ಪ್ಲೇಟ್ ನೋಡಿದೊಡನೆ ತನ್ನ ಕೆಲಸದ ಗುರುತು ಹಿಡಿದ.

“ನಾನಽ ಮಾಡೀನ್ರೀ ಸರ. ಯಾಕ್ರೀ, ಅಳತಿ ತಪ್ಪೇತೇನ್ರೀ?”

“ಅಳತೆ ಸರಿಯಾಗಿದೆ. ಅಂಚು ಯಾಕೆ ದುಂಡು ಮಾಡಿದ್ರಿ?”

ಬಸಪ್ಪ ನನ್ನನ್ನು ಆಶ್ಚರ್ಯದಿಂದ ನೋಡಿದ. ನೀರು ಯಾಕೆ ಒದ್ದೆ ಎಂದು ಕೇಳಿದಂತಾಗಿತ್ತು ಅವನಿಗೆ.

“ಅಂಚು ಹಂಗ ಬಿಟ್ರ ಕೈ ಕೊಯ್ತೈತಲ್ರೀ ಸರ. ಇನ್ಸ್‌ಪೆಕ್ಷನ್‌ನವ್ರು ವಾಪಸ್ ಒಗೀತಾರ. ಅದಕ್ಕ ಎರಡೂ ಕಡೆ ಛಲೋತ್ನಾಗ ಕೆರದು, ಎಮರಿ ಹಾಳಿಲೆ ತಿಕ್ಕಿ ಕೊಟ್ಟೇನ್ರೀ. ಮತ್ತ ನಿಮ್ಮ ಡ್ರಾಯಿಂಗ್‌ನಾಗೂ ಬರದೈತಲ್ರೀ?”

ಅವನು ಫೋನ್ ತೆಗೆದು ನಾನು ಕಳಿಸಿದ ಡ್ರಾಯಿಂಗನ್ನು ಹಿಗ್ಗಿಸಿ ತೋರಿಸಿದ. ಕೆಳಗೆ ಬಲಮೂಲೆಯ ಚೌಕದಲ್ಲಿ, ಪ್ರಯೋಗಾಲಯದ ಹೆಸರು ಮತ್ತು ನನ್ನ ಸಹಿಯ ಪಕ್ಕದಲ್ಲಿ, ಸಣ್ಣ ಅಕ್ಷರದ ಸಾಲು: ಎಲ್ಲ ಹರಿತ ಅಂಚುಗಳನ್ನೂ ತೆಗೆಯತಕ್ಕದ್ದು. ಪೀಣ್ಯದ ಯಾವ ಡ್ರಾಯಿಂಗ್ ತೆಗೆದು ನೋಡಿದರೂ ಈ ಸಾಲು ಇರುತ್ತದೆ. ನನ್ನ ಕಂಪ್ಯೂಟರಿನಲ್ಲಿದ್ದ ನಮೂನೆಯಲ್ಲೂ ಇತ್ತು, ಎಷ್ಟೋ ವರ್ಷದಿಂದ. ಕಣ್ಣಿಗೆ ಎಷ್ಟು ರೂಢಿಯಾಗಿತ್ತೆಂದರೆ ನಾನು ಅದನ್ನು ಓದುವುದನ್ನೇ ಬಿಟ್ಟಿದ್ದೆ. ಮೊದಲ ಸಲದ ಪ್ಲೇಟುಗಳು ಹರಿತವಾಗಿ ಬಂದದ್ದು ನಾನು ಅವಸರದಲ್ಲಿ ಯಂತ್ರದಿಂದಲೇ ಎತ್ತಿಕೊಂಡು ಹೋಗಿದ್ದರಿಂದ. ಬಸಪ್ಪನ ಮೇಜಿಗೆ ಅವು ಬಂದಿರಲೇ ಇಲ್ಲ. ಈ ಸಲ ಬಂದವು. ಒಳ್ಳೆಯ ಕೆಲಸಗಾರ ಒಳ್ಳೆಯ ಕೆಲಸ ಮಾಡಿದ.

ಅಲ್ಲಿ ನಿಂತಾಗ ಇನ್ನೊಂದು ಯೋಚನೆ ಬರಲಿಲ್ಲವೆಂದರೆ ಸುಳ್ಳು. ವರದಿಯಲ್ಲಿ ‘ತಯಾರಿಕೆಯ ದೋಷ’ ಎಂದು ಎರಡೇ ಪದ ಬರೆದರೆ ಸಾಕಿತ್ತು. ಶೈಲಜಾ ಪಾರಾಗುತ್ತಿದ್ದಳು, ನನ್ನ ಹೆಸರೂ ಉಳಿಯುತ್ತಿತ್ತು. ಬಸಪ್ಪನ ಮಾಲೀಕ ಅವನನ್ನು ಎರಡು ಮಾತು ಬೈದು, ಬಹುಶಃ ಮನೆಗೆ ಕಳಿಸುತ್ತಿದ್ದ. “ನಂದೇನರ ತಪ್ಪಾಗೇತೇನ್ರೀ ಸರ?” ಎಂದು ಬಸಪ್ಪ ಮತ್ತೆ ಕೇಳಿದ. ಇಲ್ಲ ಬಸಪ್ಪ, ತಪ್ಪು ನನ್ನದು ಎಂದು ಹೇಳಿ ಹೊರಗೆ ಬಂದೆ. ಬಾಯಿಬಿಟ್ಟು ಹೇಳಿದ ಮೇಲೆ ಬರೆಯುವುದು ಸುಲಭವಾಯಿತು.

ವಿಚಾರಣೆಯ ದಿನ ವೈಟ್‌ಫೀಲ್ಡ್ ಕಚೇರಿಯಲ್ಲಿ ಎಲ್ಲ ತಂಡದವರೂ ಸೇರಿದ್ದರು. ನಾನು ಎದ್ದು ನಿಂತು ನನ್ನ ವರದಿಯನ್ನು ನಾನೇ ಓದಿದೆ. ಡ್ರಾಯಿಂಗ್ ನನ್ನದು, ಅಂಚು ಹರಿತವಾಗಿರಬೇಕೆಂದು ಅದರಲ್ಲಿ ಬರೆದಿರಲಿಲ್ಲ, ಬದಲಿಗೆ ಹರಿತ ತೆಗೆಯಬೇಕೆಂದೇ ಇತ್ತು. ಸೀಲ್ ಮಾಡುವ ಮುಂಚೆ ಅಂಚನ್ನು ನೋಡಲಿಲ್ಲ. ಗುಂಪಿನಲ್ಲಿ ಹಾಕಿದ ನೋಟಿಸ್ ತಪ್ಪು. ಶೈಲಜಾ ಮತ್ತು ಅವರ ತಂಡದವರಲ್ಲಿ ಕ್ಷಮೆ ಕೇಳುತ್ತೇನೆ. ಎರಡು ಪ್ಲೇಟುಗಳನ್ನೂ ಡ್ರಾಯಿಂಗನ್ನೂ ಮೇಜಿನ ಮೇಲಿಟ್ಟೆ.

ಸಮಿತಿಯ ಅಧ್ಯಕ್ಷರು, ಹಾಗಾದರೆ ಶೈಲಜಾಳ ಲೈಸೆನ್ಸಿನ ಪ್ರಶ್ನೆಯೇ ಇಲ್ಲ, ತಂಡದ ತಪ್ಪಿಲ್ಲದ್ದರಿಂದ ಗೆಲುವೂ ಉಳಿಯುತ್ತದೆ ಎಂದರು. ಪ್ರದೀಪ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶೈಲಜಾ ಎದ್ದಳು.

“ಗೆಲುವು ಬೇಡ ಸಾರ್. ತಪ್ಪು ಯಾರದ್ದೇ ಇರ್ಲಿ, ನಮ್ಮ ಗಾಡಿಗೆ ಗಾಳಿ ಜಾಸ್ತಿ ಹೋಗಿದ್ದು ನಿಜ. ಅದನ್ನ ತೊಗೊಳ್ಳಿ. ನನ್ನ ಹೆಸರು ಮಾತ್ರ ವಾಪಸ್ ಕೊಡಿ.”

ಗೆಲುವನ್ನು ತೆಗೆದುಕೊಂಡೆವು, ಹೆಸರನ್ನು ಕೊಟ್ಟೆವು. ಹಳೆಯ ನೋಟಿಸ್ ಹಾಕಿದ ಅದೇ ಗುಂಪಿನಲ್ಲಿ ಕ್ಷಮಾಪಣೆ ಹಾಕಿದೆ. ಮೊದಲ ನೋಟಿಸಿಗೆ ಕಾಲು ಗಂಟೆಯಲ್ಲಿ ನೂರು ಪ್ರತಿಕ್ರಿಯೆ ಬಂದಿದ್ದವು. ಇದಕ್ಕೆ ಏಳು ಬಂದವು. ಅದರಲ್ಲೂ ಒಬ್ಬ, “ಗುರು–ಶಿಷ್ಯೆ ಸೇರಿ ಚೆನ್ನಾಗಿ ಕಥೆ ಕಟ್ಟಿದಾರೆ” ಎಂದು ಬರೆದಿದ್ದ. ನಾನು ರಾಜೀನಾಮೆ ಕೊಟ್ಟೆ, ಸಮಿತಿ ಒಪ್ಪಲಿಲ್ಲ. ತಪ್ಪು ಮಾಡಿದವನೇ ಇನ್ನು ಮೇಲೆ ಸರಿಯಾಗಿ ನೋಡುತ್ತಾನೆ ಎಂದರು.

ನೋಡುತ್ತಿದ್ದೇನೆ. ಈಗ ಪ್ರತಿ ಪ್ಲೇಟನ್ನೂ ಸೀಲ್ ಮಾಡುವ ಮುಂಚೆ ಫ್ಲೋ ಬೆಂಚಿಗೆ ಹಾಕುತ್ತೇವೆ, ಡ್ರಾಯಿಂಗಿನಲ್ಲಿ ಅಂಚಿನ ಬಗ್ಗೆ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ಪ್ರಯೋಗಾಲಯದಿಂದ ಕಳೆದ ವರ್ಷ ನಿವೃತ್ತನಾದೆ, ರೇಸಿನ ಕೆಲಸ ಮಾತ್ರ ಉಳಿದಿದೆ. ನನ್ನ ಕಸುಬು ಕಲಿಸಿದ್ದು ಇಷ್ಟು. ಸಂಶಯ ಒಳ್ಳೆಯ ಉಪಕರಣವೇ, ಆದರೆ ಅದನ್ನು ಮೊದಲು ನಮ್ಮ ಮೇಜಿನ ಮೇಲೆ ಪ್ರಯೋಗಿಸಬೇಕು. ಮೂವತ್ತು ವರ್ಷ ಇತರರ ಗೇಜುಗಳ ತಪ್ಪು ಹುಡುಕಿದವನಿಗೆ ತನ್ನದೇ ಸಹಿಯ ಪಕ್ಕದ ಸಾಲು ಕಾಣಲಿಲ್ಲ. ಇನ್ನೊಂದು ಮಾತು. ಅಳತೆ ತಪ್ಪಾದರೆ ಮತ್ತೆ ಅಳೆಯಬಹುದು, ಸರ್ಟಿಫಿಕೇಟ್ ತಪ್ಪಾದರೆ ಹೊಸದು ಕೊಡಬಹುದು. ಒಬ್ಬರ ಮೇಲೆ ಬಾಯಿಬಿಟ್ಟು ಹೇಳಿದ ಸಂಶಯಕ್ಕೆ ಹಾಗೆ ತಿದ್ದುಪಡಿ ಇಲ್ಲ.

ಇದು ನನಗೆ ಪೂರ್ತಿ ಅರ್ಥವಾದದ್ದು ಮುಂದಿನ ರೇಸಿನಲ್ಲಿ. ತಪಾಸಣೆಯ ಶೆಡ್ ಬಾಗಿಲು ತೆಗೆಯುವ ಮೊದಲೇ ಶೈಲಜಾಳ ಹುಡುಗರು ಗಾಡಿಯನ್ನು ತಳ್ಳಿಕೊಂಡು ಬಂದು ನಿಂತಿದ್ದರು. ಎಂಜಿನ್ ಮುಚ್ಚಳ ತೆಗೆದಿತ್ತು. ಬೇರೆ ತಂಡದವರು ಸುತ್ತ ನಿಂತು ಕತ್ತು ಚಾಚಿ ನೋಡುತ್ತಿದ್ದರು.

“ನಿಮ್ಮ ಸರದಿ ಮಧ್ಯಾಹ್ನ ಅಲ್ವಾ ಶೈಲಜಾ? ಇಷ್ಟು ಬೇಗ ಯಾಕೆ?” ಎಂದೆ.

“ಮೊದಲು ನಮ್ಮದೇ ನೋಡಿಬಿಡಿ ಸಾರ್, ಎಲ್ಲರೂ ಇರುವಾಗಲೇ. ಆಮೇಲೆ ಗೆದ್ರೆ ಯಾರೂ ಏನೂ ಅನ್ನಬಾರದು.”

ಅದಾದ ಮೇಲೆ ಅವಳು ನಾಲ್ಕು ರೇಸ್ ಗೆದ್ದಿದ್ದಾಳೆ. ಪ್ರತಿ ರೇಸಿಗೂ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಅವಳ ಗಾಡಿ ಅಲ್ಲಿ ನಿಂತಿರುತ್ತದೆ. ಬೇಡ ಎಂದು ಎಷ್ಟೋ ಸಲ ಹೇಳಿದ್ದೇನೆ. ಅವಳು ನಗುತ್ತಾಳೆ, ಮುಚ್ಚಳ ತೆಗೆಯಲು ಹುಡುಗರಿಗೆ ಹೇಳುತ್ತಾಳೆ. ಎಲ್ಲರೂ ನೋಡುತ್ತಿರುತ್ತಾರೆ. ನಾನು ಬಗ್ಗಿ, ಭೂತಗನ್ನಡಿ ಹಿಡಿದು, ಅಂಚು ನೋಡುತ್ತೇನೆ.